ಹಿಂದಿನ ಟೈರ್ ನಡುವೆ ಮಾತ್ರ ಸವೆಯುತ್ತಿತ್ತು, ಸರಿ ಮಾಡಿದ್ದು ಹೀಗೆ

ತಿರುವಿನಲ್ಲಿ ಬೈಕ್ ವಾಲಿಸಿದಾಗಲೆಲ್ಲ ಹಿಂಬದಿ ದಪ್ ಅಂತ ಒಂದು ಮೆಟ್ಟಿಲು ಇಳಿದ ಹಾಗೆ ಆಗುತ್ತಿತ್ತು. ಟೈರ್ ಡ್ಯುಯಲ್ ಕಾಂಪೌಂಡ್: ನಡುವೆ ಗಟ್ಟಿ ರಬ್ಬರ್, ಅಂಚಿಗೆ ಮೆತ್ತನೆಯದು. ಬೆರಳಾಡಿಸಿ ನೋಡಿದೆ. ನಡುಭಾಗ ಪೂರ್ತಿ ಚಪ್ಪಟೆ, ಅದು ಮುಗಿಯುವಲ್ಲಿ ಸಣ್ಣ ಏಣು. ಅಂಚಿನಲ್ಲಿ ಹೊಸ ಟೈರಿನ ರಬ್ಬರ್ ಕೂದಲು ಇನ್ನೂ ಹಾಗೇ ಇತ್ತು!

ನನ್ನ ಓಡಾಟ ಜಾಸ್ತಿ ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ. ನೇರ ರಸ್ತೆಯಲ್ಲಿ ನಡುಭಾಗ ಸವೆಯುವುದು ಸಹಜ, ಗಟ್ಟಿ ರಬ್ಬರ್ ಅದನ್ನು ನಿಧಾನ ಮಾಡುತ್ತದೆ ಅಷ್ಟೇ. ಆದರೆ ಇದು ತೀರಾ ಬೇಗ. ಸುಮ್ನೆ ಟೈರ್ ಕಂಪನಿಯನ್ನು ಬೈಯುವ ಮೊದಲು ಗಾಳಿಯ ಒತ್ತಡ ಅಳೆಯುವ ಒಂದು ಗೇಜ್ ಕೊಂಡು, ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಹಿಡಿದೆ. ಬಂಕಿನ ಮೀಟರ್ 32 ಪಿಎಸ್‌ಐ ಅಂದದ್ದು ಇಲ್ಲಿ 40! ಗಾಳಿ ಜಾಸ್ತಿಯಾದರೆ ಟೈರ್ ನಡುವೆ ಉಬ್ಬುತ್ತದೆ, ಭಾರವೆಲ್ಲ ಆ ಪಟ್ಟಿಯ ಮೇಲೇ ಅಲ್ವಾ?

ಏಣು ಬಿದ್ದ ಟೈರ್ ಗಾಳಿ ಇಳಿಸಿದರೆ ಸರಿಹೋಗುವುದಿಲ್ಲ. ಹೊಸದು ಹಾಕಿಸಿ, ಚೈನ್ ಕವರ್ ಮೇಲಿನ ಸ್ಟಿಕರ್ ಹೇಳಿದಷ್ಟೇ ಗಾಳಿ ಇಡುತ್ತಿದ್ದೇನೆ. ಹಿಂದೆ ಯಾರಾದರೂ ಕೂತರೆ ಅದರಲ್ಲೇ ಬೇರೆ ಅಂಕಿ ಇದೆ. ಈಗ ಬೈಕ್ ನುಣ್ಣಗೆ ವಾಲುತ್ತದೆ. ಹಾಂ, ನಿಮ್ಮದು ಅಂಚುಗಳಲ್ಲೇ ಬೇಗ ಸವೆಯುತ್ತಿದ್ದರೆ ಗಾಳಿ ಕಡಿಮೆ ಇರಬಹುದು, ಇಲ್ಲವೇ ನೀವು ಘಾಟಿ ರಸ್ತೆಯವರು.