ಕಪ್ಪೆಗೆ ಊಟ ಹಾಕುವ ಮೊದಲು ಹುಳಕ್ಕೆ ಊಟ ಹಾಕಿ

ಕಪ್ಪೆ ನಾಲಗೆ ಚಾಚುತ್ತದೆ. ಚಿಮ್ಮಂಡೆಗೆ (ಕ್ರಿಕೆಟ್ ಹುಳಕ್ಕೆ) ತಗಲುತ್ತದೆ. ಆದರೆ ಹುಳ ಅಂಟಿಕೊಳ್ಳುವುದೇ ಇಲ್ಲ. ಎರಡು ಮೂರು ಸಲ ಹೀಗಾದರೆ ಸಾಕಿದವರು ‘ಪಾಪ, ಕಣ್ಣು ಮಂಜಾಗಿರಬೇಕು’ ಅಂದುಕೊಳ್ಳುತ್ತಾರೆ. ಆದರೆ ತೊಂದರೆ ಊಟದ್ದೂ ಇರಬಹುದು. ವಿಟಮಿನ್ ಎ ಸಾಲದಿದ್ದರೆ ಲೋಳೆ ಸುರಿಸುವ ಜೀವಕೋಶಗಳ ಜಾಗದಲ್ಲಿ ಒಣ, ಗಡುಸು ಜೀವಕೋಶಗಳು ಬೆಳೆಯುತ್ತವೆ. ನಾಲಗೆಯ ಅಂಟು ಹೋಗುತ್ತದೆ. ಅಮೆರಿಕದಲ್ಲಿ ಅಳಿವಿನಂಚಿನ ವ್ಯೋಮಿಂಗ್ ಟೋಡ್ ಎಂಬ ನೆಲಗಪ್ಪೆಗಳನ್ನು ಸಾಕಿ ಉಳಿಸಲು ಹೊರಟವರಿಗೂ ಈ ‘ಗಿಡ್ಡ ನಾಲಗೆ’ ಕಾಯಿಲೆ ಕಾಟ ಕೊಟ್ಟಿದೆ.

ಹಸಿವೊಂದೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಕಪ್ಪೆಗೆ ಲೋಳೆಯೇ ಕೋಟೆ. ಅದು ನೀರು ಕುಡಿಯುವುದು ಚರ್ಮದಿಂದ, ಉಸಿರಾಡುವುದೂ ಬಹಳಮಟ್ಟಿಗೆ ಚರ್ಮದಿಂದಲೇ. ಹೊಟ್ಟೆ ಕೊಯ್ದು ಹೊಲಿದ ಆಫ್ರಿಕನ್ ಕಪ್ಪೆಗಳನ್ನು ಕೊಳೆ ನೀರಿಗೆ ಬಿಟ್ಟರೂ ಗಾಯ ಕೀವಾಗುವುದಿಲ್ಲ ಯಾಕೆ ಎಂದು ಅಮೆರಿಕದ ವಿಜ್ಞಾನಿ ಮೈಕೆಲ್ ಝಾಸ್ಲಾಫ್ ತಲೆ ಕೆಡಿಸಿಕೊಂಡರು. 1987ರಲ್ಲಿ ಉತ್ತರ ಸಿಕ್ಕಿತು. ಚರ್ಮವೇ ರೋಗಾಣು ಕೊಲ್ಲುವ ಪೆಪ್ಟೈಡ್‌ಗಳನ್ನು ಸುರಿಸುತ್ತಿತ್ತು. ಈ ಪೆಪ್ಟೈಡ್ ಅಂದರೆ ಪ್ರೋಟೀನಿನ ತುಣುಕು. ತಿಂದ ಹುಳದಿಂದಲೇ ಅದು ಹುಟ್ಟಬೇಕು, ಅಲ್ವಾ?

ಇನ್ನು ಕೆಲಸಕ್ಕೆ ಬರೋಣ. (ಇದು ಸಾಕಣೆಯಲ್ಲೇ ಹುಟ್ಟಿದ ಕಪ್ಪೆ ಮತ್ತು ಅದರ ಬಾಲವಿರುವ ನೆಂಟ ಸಲಮಾಂಡರ್‌ಗಳ ಮಾತು. ಕೆರೆಯ ಕಪ್ಪೆಯನ್ನು ಕೆರೆಯಲ್ಲೇ ಬಿಡಿ.)

ಮೊದಲು ಹುಳದ ಹೊಟ್ಟೆ

ಹಸಿದ ಚಿಮ್ಮಂಡೆ ಅಂದರೆ ಬರಿಯ ಚೀಲ. ಕಪ್ಪೆಗೆ ಕೊಡುವ 24ರಿಂದ 48 ಗಂಟೆ ಮುಂಚೆ ಅದಕ್ಕೆ ಕ್ಯಾರೆಟ್, ಗೆಣಸು, ಕಡು ಹಸಿರು ಸೊಪ್ಪು, ಕ್ಯಾಲ್ಸಿಯಂ ಬೆರೆಸಿದ ಹಿಟ್ಟು ತಿನ್ನಿಸಿ. ಇವುಗಳಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ಹಳದಿ-ಕೆಂಪು ವರ್ಣದ್ರವ್ಯ ಬಣ್ಣಕ್ಕಷ್ಟೇ ಅಲ್ಲ. ಕೆಂಪು ಕಣ್ಣಿನ ಮರಗಪ್ಪೆಗಳಿಗೆ ಕ್ಯಾರೊಟಿನಾಯ್ಡ್ ಜಾಸ್ತಿ ಇರುವ ಊಟ ಕೊಟ್ಟು ನೋಡಿದಾಗ, ಅವುಗಳ ಚರ್ಮದ ಮೇಲೆ ಹೆಚ್ಚು ಬಗೆಯ ಬ್ಯಾಕ್ಟೀರಿಯಾ ನೆಲೆಸಿದ್ದವು. ಅದು ಒಳ್ಳೆಯ ಸುದ್ದಿಯೇ. ಚರ್ಮದ ಕೆಲವು ಬ್ಯಾಕ್ಟೀರಿಯಾ ರೋಗ ತರುವ ಶಿಲೀಂಧ್ರವನ್ನು ತಡೆಯುತ್ತವೆ.

ಆಮೇಲೆ ಪುಡಿ

ಚಿಮ್ಮಂಡೆಯಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಜಾಸ್ತಿ. ಕಪ್ಪೆಗಾದರೋ ರಂಜಕಕ್ಕಿಂತ ಕ್ಯಾಲ್ಸಿಯಂ ತುಸು ಜಾಸ್ತಿ ಬೇಕು. ಇದನ್ನು ಸರಿಪಡಿಸದಿದ್ದರೆ ಮೂಳೆ ಮೆತ್ತಗಾಗಿ ದವಡೆ ಬಾಗುತ್ತದೆ. ಹುಳಗಳನ್ನು ಡಬ್ಬಿಗೆ ಹಾಕಿ, ಚಿಟಿಕೆ ಕ್ಯಾಲ್ಸಿಯಂ ಪುಡಿ ಉದುರಿಸಿ, ಮೆಲ್ಲಗೆ ಅಲುಗಿಸಿ ತಕ್ಷಣ ಕೊಡಿ. ತಡವಾದರೆ ಹುಳ ಮೈ ಒರೆಸಿಕೊಂಡುಬಿಡುತ್ತದೆ. ಮರಿಗಳಿಗೆ ಹೆಚ್ಚುಕಡಿಮೆ ಪ್ರತಿ ಊಟಕ್ಕೂ, ದೊಡ್ಡವಕ್ಕೆ ವಾರಕ್ಕೆ ಎರಡು ಮೂರು ಸಲ ಸಾಕು.

ವಿಟಮಿನ್ ಪುಡಿಯ ಲೇಬಲ್ ಓದದೆ ಕೊಳ್ಳಬೇಡಿ. ಅದರಲ್ಲಿ ಬರೀ ಬೀಟಾ ಕ್ಯಾರೊಟಿನ್ ಇದ್ದರೆ ಸಾಲದು. ಅದನ್ನು ವಿಟಮಿನ್ ಎ ಮಾಡಿಕೊಳ್ಳುವುದು ಎಲ್ಲ ಕಪ್ಪೆಗಳಿಗೂ ಸಲೀಸಲ್ಲ. ರೆಟಿನಾಲ್ ರೂಪದ ವಿಟಮಿನ್ ಎ ಇರಲಿ. ಹಾಗೆಂದು ದಿನಾ ಸುರಿಯಬೇಡಿ. ಅದು ದೇಹದಲ್ಲಿ ಶೇಖರವಾಗುತ್ತದೆ, ಮಿತಿ ಮೀರಿದರೆ ವಿಷ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಸಾಕು. ನಾಲಗೆ ಆಗಲೇ ಅಂಟುತ್ತಿಲ್ಲವಾದರೆ ಪುಡಿಯನ್ನು ನಂಬಿ ಕೂರದೆ ಪ್ರಾಣಿವೈದ್ಯರಿಗೆ ತೋರಿಸಿ.

ಎಷ್ಟು, ಯಾವಾಗ

ಹುಳಗಳನ್ನು ಬದಲಿಸುತ್ತಿರಿ. ಎರೆಹುಳು ತುಂಬಾ ಒಳ್ಳೆಯದು. ಔಷಧಿ ಹೊಡೆದ ತೋಟದ ಹುಳ ಮಾತ್ರ ಬೇಡ. ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಅಗಲದ ಹುಳವನ್ನು ಕೊಡಬೇಡಿ. ಉಳಿದ ಚಿಮ್ಮಂಡೆಗಳನ್ನು ರಾತ್ರಿ ತೊಟ್ಟಿಯಲ್ಲೇ ಬಿಟ್ಟರೆ ಅವು ಕಪ್ಪೆಯನ್ನೇ ಕಚ್ಚುತ್ತವೆ. ಆ ಗಾಯವೇ ರೋಗಾಣುವಿಗೆ ಬಾಗಿಲು.

ಜಾಸ್ತಿ ತಿನ್ನಿಸುವುದೂ ತಪ್ಪೇ. ಕೊಬ್ಬು ಹೆಚ್ಚಿ ಕೆಲವು ಮರಗಪ್ಪೆಗಳ ಕಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ವಾರಕ್ಕೊಮ್ಮೆ ತೂಕ ಬರೆದಿಡಿ. ಇನ್ನೊಂದು ಮಾತು. ಕಪ್ಪೆ ತಣ್ಣನೆ ರಕ್ತದ ಪ್ರಾಣಿ. ತೊಟ್ಟಿ ಅದರ ಜಾತಿಗೆ ಬೇಕಾದಷ್ಟು ಬೆಚ್ಚಗಿಲ್ಲದಿದ್ದರೆ ಊಟವೂ ಅರಗದು, ರೋಗ ತಡೆಯುವ ಶಕ್ತಿಯೂ ಮಂಕಾಗುತ್ತದೆ.

ಊಟವೇ ಎಲ್ಲಕ್ಕೂ ಮದ್ದು ಅಂತ ನಾನು ಹೇಳುತ್ತಿಲ್ಲ. ಚರ್ಮಕ್ಕೆ ತಗಲಿ ಕೊಲ್ಲುವ ಕೈಟ್ರಿಡ್ ಎಂಬ ಶಿಲೀಂಧ್ರದಿಂದ ಸುಮಾರು 500 ಜಾತಿಯ ಉಭಯಚರಗಳು ಕುಸಿದಿವೆ, 90ರಷ್ಟು ಅಳಿದೇಹೋಗಿವೆ ಎಂದು 2019ರ ಅಂದಾಜು. ಹೊಟ್ಟೆ ತುಂಬಾ ತಿನ್ನುತ್ತಿದ್ದ ಕಾಡಿನ ಕಪ್ಪೆಗಳೂ ಅದಕ್ಕೆ ಬಲಿಯಾದವು. ಹೊಸ ಕಪ್ಪೆ ತಂದರೆ ಕೆಲವು ವಾರ ಬೇರೆ ತೊಟ್ಟಿಯಲ್ಲಿಡಿ.

ಗೊದಮೊಟ್ಟೆ ಇದ್ದರೆ

ಬರೀ ಸೊಪ್ಪು ಹಾಕಿ ಬೆಳೆಸುವವರಿದ್ದಾರೆ. ಅದರಲ್ಲೂ ಪಾಲಕ್ ಬೇಡ, ಅದರ ಆಕ್ಸಲೇಟ್ ಮೂತ್ರಪಿಂಡದಲ್ಲಿ ಹರಳಾಗುತ್ತದೆ. ಪಾಚಿಯ ಜೊತೆ ಪ್ರೋಟೀನ್ ಇರುವ ಮೀನಿನ ಆಹಾರವನ್ನೂ ಕೊಡಿ. ಕಾಲು ಮೂಡಿ ಬಾಲ ಕರಗುವಾಗ ಮರಿ ಏನೂ ತಿನ್ನದು, ಗಾಬರಿ ಬೇಡ. ಅದು ಬಾಲವನ್ನೇ ಅರಗಿಸಿಕೊಂಡು ಬದುಕುತ್ತದೆ. ಅದರ ರೋಗನಿರೋಧಕ ವ್ಯವಸ್ಥೆಯೂ ಆಗಲೇ ಕಳಚಿ ಹೊಸದಾಗಿ ಜೋಡಣೆಯಾಗುತ್ತಿರುತ್ತದೆ. ಕೈಟ್ರಿಡ್‌ಗೆ ಮರಿಗಳು ಹೆಚ್ಚಾಗಿ ಸಾಯುವುದೂ ಇದರ ಆಸುಪಾಸಿನಲ್ಲೇ. ಆ ದಿನಗಳಲ್ಲಿ ನೀರು ಚೊಕ್ಕವಾಗಿರಲಿ, ಮರಿಯನ್ನು ಮುಟ್ಟಬೇಡಿ. ಬಾಲ ಪೂರ್ತಿ ಕರಗಿದ ಮೇಲೆ ಹಣ್ಣುನೊಣದಷ್ಟು ಪುಟ್ಟ ಹುಳ ಬಿಡಿ, ಪುಡಿ ಸವರಿದ್ದು.