ಕಾರಣ ತಿಳಿಯದ ತಳಮಳವನ್ನು ಬಿಡಿಸಿ ನೋಡುವುದು ಹೇಗೆ?

ಮಗಳ ಮದುವೆಯ ಹಿಂದಿನ ರಾತ್ರಿ ತಾಯಿಗೆ ಸಂತೋಷವೂ ಅಳುವೂ ಒಟ್ಟಿಗೇ ಉಕ್ಕಿ ಬರುತ್ತವೆ. ಬಹಳ ದಿನ ಕಾದಿದ್ದ ಬಡ್ತಿಯ ಆದೇಶ ಕೈಗೆ ಬಂದ ದಿನವೇ ಕೆಲವರಿಗೆ ಎದೆ ಭಾರವಾಗುತ್ತದೆ. ಇಂಥ ಹೊತ್ತಿನಲ್ಲಿ ಹಲವರು ತಮ್ಮ ಮನಸ್ಸೇ ಸರಿಯಿಲ್ಲವೇನೋ ಎಂದು ಹೆದರುತ್ತಾರೆ. ಹಾಗೆ ಹೆದರಬೇಕಾಗಿಲ್ಲ. ಭಾವನೆ ಹುಟ್ಟುವ ಬಗೆಯಲ್ಲಿಯೇ ಈ ಗೊಂದಲಕ್ಕೆ ಎಡೆಯಿದೆ, ಮತ್ತು ಸ್ವಲ್ಪ ಅಭ್ಯಾಸವಿದ್ದರೆ ಅದನ್ನು ನಾವೇ ಬಿಡಿಸಿ ನೋಡಬಹುದು.

ಮಿದುಳಿನಲ್ಲಿ ಸಿಟ್ಟಿಗೊಂದು, ಭಯಕ್ಕೊಂದು, ಸಂತೋಷಕ್ಕೊಂದು ಎಂದು ಬೇರೆ ಬೇರೆ ಕೋಣೆಗಳಿಲ್ಲ. ಬಾದಾಮಿಯ ಆಕಾರದ ಅಮಿಗ್ಡಾಲ ಎಂಬ ಭಾಗವು ಮುಖ್ಯವಾದುದೇನೋ ನಡೆಯುತ್ತಿದೆ ಎಂದು ಗುರುತಿಸಿದಾಗ, ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ; ಎದೆ ಬಡಿತ ಹೆಚ್ಚುತ್ತದೆ, ಅಂಗೈ ಬೆವರುತ್ತದೆ, ಉಸಿರು ಚುರುಕಾಗುತ್ತದೆ. ಈ ಬದಲಾವಣೆಗಳ ವರದಿಯನ್ನು ಮಿದುಳಿನ ಇನ್ಸುಲಾ ಎಂಬ ಭಾಗ ಸ್ವೀಕರಿಸುತ್ತದೆ. ಭಯಕ್ಕೂ ಸಿಟ್ಟಿಗೂ ಸಂಭ್ರಮಕ್ಕೂ ದೇಹದ ಲಕ್ಷಣಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಇದು ಯಾವ ಭಾವನೆ ಎಂಬುದನ್ನು ಮಿದುಳು ಸುತ್ತಲಿನ ಸನ್ನಿವೇಶವನ್ನೂ ಹಿಂದಿನ ಅನುಭವವನ್ನೂ ನೋಡಿ ಊಹಿಸಬೇಕಾಗುತ್ತದೆ. ಆ ಊಹೆ ಕೆಲವೊಮ್ಮೆ ತಪ್ಪುತ್ತದೆ.

ಸ್ಟ್ಯಾನ್ಲಿ ಶಾಕ್ಟರ್ ಮತ್ತು ಜೆರೋಮ್ ಸಿಂಗರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1962ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಕೆದಕಿ ನೋಡಿತ್ತು. ವಿಟಮಿನ್ ಎಂದು ಹೇಳಿ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟು, ಅದರ ಪರಿಣಾಮವನ್ನು ಕೆಲವರಿಗೆ ತಿಳಿಸಿ, ಕೆಲವರಿಗೆ ತಿಳಿಸದೆ, ನಲಿಯುವ ಅಥವಾ ಸಿಡುಕುವ ನಟನೊಬ್ಬನ ಜೊತೆ ಕೂರಿಸಿದರು. ಎದೆ ಬಡಿತದ ನಿಜವಾದ ಕಾರಣ ತಿಳಿಯದವರಲ್ಲಿ ಪಕ್ಕದವನ ಭಾವವನ್ನೇ ತಮ್ಮದಾಗಿಸಿಕೊಳ್ಳುವ ಒಲವು ಹೆಚ್ಚು ಕಂಡಿತು. ಮುಂದಿನ ಪ್ರಯೋಗಗಳಲ್ಲಿ ಫಲಿತಾಂಶ ಇಷ್ಟು ಸ್ಪಷ್ಟವಾಗಿ ಬರಲಿಲ್ಲವಾದ್ದರಿಂದ ಇದನ್ನು ಅಂತಿಮ ಮಾತೆಂದು ಹಿಡಿಯಬಾರದು. ಆದರೂ ಒಂದು ಕಾರಣದಿಂದ ಎದ್ದ ದೇಹದ ಉದ್ವೇಗವನ್ನು ಇನ್ನೊಂದರ ತಲೆಗೆ ಕಟ್ಟುವ ಸ್ವಭಾವ ನಮ್ಮಲ್ಲಿದೆ ಎಂಬುದು ದಿನನಿತ್ಯ ಕಾಣುವ ಸಂಗತಿ.

ಆದ್ದರಿಂದ ಮೊದಲು ವಿಚಾರಿಸಬೇಕಾದದ್ದು ದೇಹವನ್ನು. ಮಧ್ಯಾಹ್ನದ ಊಟ ತಪ್ಪಿದೆ, ನಾಲ್ಕು ಗಂಟೆಗೆ ಎರಡು ಲೋಟ ಸ್ಟ್ರಾಂಗ್ ಕಾಫಿ ಹೊಟ್ಟೆ ಸೇರಿದೆ, ತುಂಬಿದ ಬಸ್ಸಿನಲ್ಲಿ ನಿಂತೇ ಮನೆಗೆ ಬಂದಿದ್ದೀರಿ. ಬಾಗಿಲಲ್ಲೇ ಮಗುವಿನ ಸ್ಕೂಲ್ ಬ್ಯಾಗ್ ಬಿದ್ದಿರುವುದು ಕಂಡು ಸಿಟ್ಟು ನೆತ್ತಿಗೇರುತ್ತದೆ. ಬಾಯಿ ತೆರೆಯುವ ಮೊದಲು, ಭಾವನೆಯ ಹೆಸರು ಹೇಳದೆ, ಕಂಡದ್ದನ್ನಷ್ಟೇ ಮನಸ್ಸಿನಲ್ಲಿ ಹೇಳಿಕೊಳ್ಳಿ: ದವಡೆ ಬಿಗಿದಿದೆ, ಎದೆ ಹೊಡೆದುಕೊಳ್ಳುತ್ತಿದೆ, ಕೈ ಸಣ್ಣಗೆ ನಡುಗುತ್ತಿದೆ. ಅನಂತರ ಊಟ, ನಿದ್ದೆ, ಕಾಫಿ, ಮುಟ್ಟಿನ ದಿನಗಳು, ಜ್ವರ, ಹೊಸದಾಗಿ ಶುರುವಾದ ಮಾತ್ರೆ, ಇವನ್ನು ಒಂದೊಂದಾಗಿ ನೆನೆಯಿರಿ. ಕುಡಿದ ಕೆಫೀನ್‌ನ ಸುಮಾರು ಅರ್ಧದಷ್ಟು ಐದು ಗಂಟೆಯ ಬಳಿಕವೂ ರಕ್ತದಲ್ಲಿ ಇರಬಹುದು. ಏನಾದರೂ ತಿಂದು, ನೀರು ಕುಡಿದು, ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಉದ್ವೇಗ ಕಳೆಯಿತೆಂದು ನಮಗೆ ಅನ್ನಿಸಿದ ಮೇಲೂ ಅದರ ಶೇಷ ದೇಹದಲ್ಲಿ ಕೆಲಹೊತ್ತು ಉಳಿದಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಸಿವಿನಿಂದ ಸಿಟ್ಟು ಹೆಚ್ಚಿತು ಎಂದ ಮಾತ್ರಕ್ಕೆ ಸಿಟ್ಟಿಗೆ ಕಾರಣವೇ ಇಲ್ಲ ಎಂದಾಗುವುದಿಲ್ಲ. ಊಟವಾದ ಮೇಲೂ ಅದೇ ಮಾತು ಕುಟುಕುತ್ತಿದ್ದರೆ ಅದು ನಿಜವಾದ ಅಸಮಾಧಾನ, ಅದನ್ನು ಮಾತಾಡಿಯೇ ತೀರಿಸಿಕೊಳ್ಳಬೇಕು. ಹೆಂಡತಿಯೋ ಅತ್ತಿಗೆಯೋ ನೋವು ತೋಡಿಕೊಂಡಾಗ “ನಿನಗೆ ಸುಸ್ತಾಗಿದೆ ಅಷ್ಟೇ” ಎಂದು ತಳ್ಳಿಹಾಕಲು ಈ ತಿಳಿವಳಿಕೆಯನ್ನು ಯಾರೂ ಬಳಸಬಾರದು.

ದೇಹ ಸ್ವಲ್ಪ ತಣ್ಣಗಾದ ಬಳಿಕ ಹೆಸರಿಡುವ ಕೆಲಸ. ಭಾವನೆಗೆ ಹೆಸರು ಹೇಳಿದಾಗ ಅಮಿಗ್ಡಾಲದ ಚಟುವಟಿಕೆ ತಗ್ಗುತ್ತದೆ ಎಂದು ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರ 2007ರ ಮಿದುಳು ಚಿತ್ರಣ ಅಧ್ಯಯನ ತೋರಿಸಿತು. “ಬೇಜಾರು” ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ತುಂಬದೆ, ಅದು ಅಳುಕೋ, ಮುಜುಗರವೋ, ಹೊಟ್ಟೆಕಿಚ್ಚೋ, ಕೊರಗೋ ಎಂದು ಹುಡುಕಿ. ಹೆಸರು ಸರಿಯೇ ಎಂದು ನೋಡಲು ಅದಕ್ಕೆ ತಕ್ಕ ಪ್ರಶ್ನೆ ಕೇಳಿ: ಭಯವಾದರೆ ಏನಾದೀತೆಂಬ ಭಯ, ಸಿಟ್ಟಾದರೆ ಯಾವ ಅನ್ಯಾಯಕ್ಕೆ ಸಿಟ್ಟು? ಉತ್ತರ ಹೊಳೆಯದಿದ್ದರೆ ಹೆಸರನ್ನು ಬದಲಿಸಿ ನೋಡಿ. ಎರಡು ಹೆಸರು ಹೊಂದಿದರೆ ಒಂದನ್ನು ಹೊಡೆದುಹಾಕಬೇಡಿ. ಮದುವೆಮನೆಯ ಆ ತಾಯಿ “ಒಳ್ಳೆಯ ಮನೆ ಸೇರುತ್ತಾಳೆಂದು ಸಂತೋಷ” ಎಂದೂ “ನಾಳೆಯಿಂದ ಅವಳ ಕೋಣೆ ಖಾಲಿ ಎಂದು ಸಂಕಟ” ಎಂದೂ ಎರಡು ಸಾಲು ಬರೆದುಕೊಂಡರೆ ಎರಡೂ ನಿಜವೇ.

ಕೆಲವು ತಳಮಳಗಳು ಮಾತ್ರ ಈ ಕ್ರಮಕ್ಕೆ ಬಗ್ಗುವುದಿಲ್ಲ. ಥೈರಾಯ್ಡ್ ಹಾರ್ಮೋನು ಅತಿಯಾದಾಗ ಎದೆ ಬಡಿತ, ನಡುಕ, ಆತಂಕ ಕಾಣಿಸುತ್ತವೆ. ರಕ್ತಹೀನತೆಯಲ್ಲೂ ಎದೆ ಹೊಡೆದುಕೊಳ್ಳುತ್ತದೆ. ಆದುದರಿಂದ ಮರುಕಳಿಸುವ ಆತಂಕಕ್ಕೆ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಎದೆನೋವಿದ್ದರೆ ಭಾವನೆಯೆಂದು ಊಹಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎರಡು ವಾರ ಕಳೆದರೂ ದುಗುಡ ಇಳಿಯದಿದ್ದರೆ ಅಥವಾ ಬದುಕೇ ಬೇಡವೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿಯೇ ಮಾತಾಡಬಹುದು.