ನಾಯಿಗೆ ಗ್ಯಾಸ್ ಆದರೆ ಅದರ ತಟ್ಟೆ ನೋಡಿ

ಎಲ್ಲಕ್ಕಿಂತ ಮೊದಲು ನಾಯಿಯ ಹೊಟ್ಟೆ ಮುಟ್ಟಿ ನೋಡಿ. ಮೆತ್ತಗಿದ್ದು, ಒಳಗೆ ಗುಡುಗುಡು ಸದ್ದಿದ್ದು, ನಾಯಿ ಎಂದಿನಂತೆ ಉಂಡು ಓಡಾಡಿಕೊಂಡಿದ್ದರೆ ಮನೆಯಲ್ಲೇ ಸರಿಪಡಿಸಬಹುದು. ಹೊಟ್ಟೆ ತಮಟೆಯಂತೆ ಬಿಗಿದು ಉಬ್ಬಿದೆಯೇ? ಓಕರಿಸಿ ಓಕರಿಸಿ ಬರೀ ಜೊಲ್ಲು, ನೊರೆ ಬರುತ್ತಿದೆಯೇ? ಕೂತಲ್ಲಿ ಕೂರದೆ ಚಡಪಡಿಸುತ್ತಿದೆಯೇ, ಒಸಡು ಬಿಳಿಚಿಕೊಂಡಿದೆಯೇ? ಹಾಗಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಪಶುವೈದ್ಯರಲ್ಲಿಗೆ ಹೊರಡಿ. ಜಠರದಲ್ಲಿ ಗಾಳಿ ತುಂಬಿ, ಜಠರವೇ ತಿರುಚಿಕೊಂಡಾಗ ಹೀಗಾಗುತ್ತದೆ. ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್‌ನಂಥ ಆಳದ ಎದೆಯ ದೊಡ್ಡ ತಳಿಗಳಲ್ಲಿ ಈ ಅಪಾಯ ಹೆಚ್ಚು. ಆ ಹೊತ್ತಿನಲ್ಲಿ ಅಡುಗೆ ಸೋಡಾ, ಫ್ರೂಟ್ ಸಾಲ್ಟ್ ಕುಡಿಸಲೇಬೇಡಿ. ಅವು ಹೊಟ್ಟೆಯೊಳಗೆ ಇನ್ನಷ್ಟು ಗ್ಯಾಸ್ ಹುಟ್ಟಿಸುತ್ತವೆ.

ಇನ್ನು ಸಾಮಾನ್ಯ ಗ್ಯಾಸ್. ಅದು ಬರುವ ದಾರಿ ಎರಡು. ತಿನ್ನುವಾಗ ನುಂಗಿದ ಗಾಳಿ ಒಂದು. ಇದು ಬಹುಮಟ್ಟಿಗೆ ತೇಗಾಗಿ ಹೋಗುತ್ತದೆ, ವಾಸನೆ ಕಡಿಮೆ. ಎರಡನೆಯದು, ಸರಿಯಾಗಿ ಅರಗದ ಆಹಾರ ದೊಡ್ಡ ಕರುಳು ಸೇರಿ ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುಳಿತಾಗ ಹುಟ್ಟುವ ಗ್ಯಾಸ್. ಕೋಣೆ ಬಿಟ್ಟು ಏಳುವಂತೆ ಮಾಡುವ ಕೊಳೆತ ಮೊಟ್ಟೆಯ ವಾಸನೆ ಇದರಲ್ಲಿರುವ ಹೈಡ್ರೋಜನ್ ಸಲ್ಫೈಡ್‌ನದು. ಆಹಾರ ದೊಡ್ಡ ಕರುಳು ಮುಟ್ಟಲು ಹಲವು ಗಂಟೆ ಬೇಕು. ಹಾಗಾಗಿ ರಾತ್ರಿ ನಾಯಿ ಹೂಸು ಬಿಟ್ಟರೆ ರಾತ್ರಿಯ ಊಟವನ್ನಷ್ಟೇ ಅನುಮಾನಿಸಬೇಡಿ, ಬೆಳಗ್ಗೆ ಹಾಕಿದ್ದನ್ನೂ ನೆನಪಿಸಿಕೊಳ್ಳಿ.

ನಮ್ಮ ಮನೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಹಾಲು-ಅನ್ನವನ್ನು. ಮರಿ ದೊಡ್ಡದಾಗುತ್ತ ಹೋದಂತೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಶಕ್ತಿ ಕುಗ್ಗುತ್ತದೆ. 100 ಮಿಲಿ ಹಸುವಿನ ಹಾಲಿನಲ್ಲಿ ಸುಮಾರು 5 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ನೀರು ಬೆರೆಸಿ ಅದೇ ಹಾಲನ್ನು ಪೂರ್ತಿ ಹಾಕಿದರೆ ಲ್ಯಾಕ್ಟೋಸ್ ಅಷ್ಟೇ ಒಳಗೆ ಹೋಗುತ್ತದೆ. ಹಾಲನ್ನು ಒಂದು ವಾರ ಪೂರ್ತಿ ನಿಲ್ಲಿಸಿ ನೋಡಿ. ಎಷ್ಟೋ ನಾಯಿಗಳಿಗೆ ಇಷ್ಟೇ ಸಾಕಾಗುತ್ತದೆ. ಮೊಸರು ಹುದುಗಿರುವುದರಿಂದ ಅದರಲ್ಲಿ ಲ್ಯಾಕ್ಟೋಸ್ ತುಸು ಕಡಿಮೆ. 10 ಕೆಜಿ ತೂಕದ ನಾಯಿಗೆ ಒಂದೆರಡು ಚಮಚ ಹಾಕಿ ನೋಡಬಹುದು, ಒಗ್ಗದಿದ್ದರೆ ಅದೂ ಬೇಡ.

ಆಮೇಲಿನ ಸರದಿ ಬೇಳೆ-ಕಾಳುಗಳದ್ದು. ತೊಗರಿ, ಕಡಲೆ, ಹುರುಳಿ, ಅಲಸಂದೆ, ಸೋಯಾ ಎಲ್ಲದರಲ್ಲೂ ರ್‍ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವ ನಾಯಿಯ ಕರುಳಿನಲ್ಲಿ ಇಲ್ಲ, ನಮ್ಮದರಲ್ಲೂ ಇಲ್ಲ. ಹಬ್ಬದ ಮರುದಿನ ನಾಯಿಯ ಹೊಟ್ಟೆ ಕೆಡುವುದಕ್ಕೆ ಹೋಳಿಗೆಯ ಕಡಲೆಬೇಳೆ ಹೂರಣ, ಕೋಸಂಬರಿ, ಉಸ್ಲಿಗಳೇ ಕಾರಣವಾಗಿರುವುದುಂಟು. ಬೇಳೆ ಹಾಕಲೇಬೇಕಿದ್ದರೆ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ನುಣ್ಣಗೆ ಬೇಯಿಸಿ, ಸ್ವಲ್ಪವೇ ಹಾಕಿ. ಆದರೆ ಸಾರು, ಹುಳಿ, ಬಿಸಿಬೇಳೆಬಾತ್ ಬೇಡವೇ ಬೇಡ. ಅವುಗಳಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತವೆ, ಬೇಯಿಸಿದರೂ ಆ ವಿಷ ಹೋಗದು. ಗ್ಯಾಸ್‌ಗಿಂತ ದೊಡ್ಡ ತೊಂದರೆ ಇದು.

ಎಲೆಕೋಸು, ಹೂಕೋಸು, ಮೂಲಂಗಿ, ಕೊಬ್ಬಿನ ಮಟನ್ ತುಂಡು, ಬೀದಿಯಲ್ಲಿ ಸಿಕ್ಕ ಕಸ ಇವೂ ಕಾರಣಗಳೇ. ಅನ್ನ ಗಟ್ಟಿಯಾಗಿ ಬೆಂದಿದ್ದರೆ ಅಥವಾ ಫ್ರಿಜ್‌ನಲ್ಲಿಟ್ಟ ತಂಗಳಾಗಿದ್ದರೆ ಅದರ ಪಿಷ್ಟದ ಒಂದು ಪಾಲು ಅರಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಮೆತ್ತಗೆ ಬೇಯಿಸಿ ಅಂದಂದೇ ಹಾಕಿ. ರಾಗಿಯಲ್ಲಿ ನಾರು ಹೆಚ್ಚು. ಅಭ್ಯಾಸವಿಲ್ಲದ ನಾಯಿಗೆ ಒಮ್ಮೆಲೇ ಇಡೀ ಮುದ್ದೆ ಹಾಕಿದರೆ ಗ್ಯಾಸ್ ಖಚಿತ. ಚೆನ್ನಾಗಿ ಕುದಿಸಿದ ತೆಳು ಅಂಬಲಿಯಿಂದ ಶುರುಮಾಡಿ.

ಹೊಟ್ಟೆಗೆ ಬಿಡುವು ಕೊಡಬೇಕೆನಿಸಿದರೆ ಚರ್ಮ, ಮೂಳೆ ತೆಗೆದ ಕೋಳಿ ಎದೆಮಾಂಸವನ್ನು ಉಪ್ಪು-ಮಸಾಲೆಯಿಲ್ಲದೆ ಬೇಯಿಸಿ. ಒಂದು ಪಾಲು ಮಾಂಸಕ್ಕೆ ಎರಡು ಪಾಲು ಮೆತ್ತನೆಯ ಅನ್ನ. 10 ಕೆಜಿ ನಾಯಿಗೆ ದಿನಕ್ಕೆ ಬೆಂದ ತೂಕದಲ್ಲಿ 100–120 ಗ್ರಾಂ ಮಾಂಸ, 200–250 ಗ್ರಾಂ ಅನ್ನ. ಮೂರು-ನಾಲ್ಕು ಸಲ ಹಂಚಿ ಹಾಕಿ. ಎರಡು-ಮೂರು ದಿನಕ್ಕೆ ಸಾಕು. ಇದರಲ್ಲಿ ಕ್ಯಾಲ್ಸಿಯಂ ಮತ್ತಿತರ ಪೋಷಕಾಂಶಗಳ ಕೊರತೆಯಿದೆ, ವಾರಗಟ್ಟಲೆ ಎಳೆಯಬೇಡಿ. ಹಳೆಯ ಊಟಕ್ಕೆ ಮರಳುವಾಗಲೂ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಹೋಗಿ.

ಡಾಗ್ ಫುಡ್ ಬ್ರ್ಯಾಂಡ್ ಬದಲಿಸುವಾಗಲೂ ಅವಸರವೇ ಮುಳುವಾಗುತ್ತದೆ. ಮೊದಲ ಮೂರು ದಿನ ಹೊಸದು ಕಾಲುಭಾಗ, ಮುಂದಿನ ಮೂರು ದಿನ ಅರ್ಧ, ಮತ್ತೆ ಮೂರು ದಿನ ಮುಕ್ಕಾಲು, ಹತ್ತನೇ ದಿನ ಪೂರ್ತಿ. ಲೋಟದ ಅಳತೆ ದಿನಕ್ಕೊಂದು ಥರ ಆಗುತ್ತದೆ; ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹಾಕುವುದೇ ಸರಿ. ಬಿಸ್ಕತ್ತು, ಚೂರುಪಾರು ತಿಂಡಿಗಳೆಲ್ಲ ಸೇರಿ ದಿನದ ಆಹಾರದ ಹತ್ತರಲ್ಲೊಂದು ಪಾಲು ಮೀರದಿರಲಿ.

ನುಂಗುವ ಗಾಳಿಗೆ ಮದ್ದು, ತಿನ್ನುವ ವೇಗ ಇಳಿಸುವುದು. ಒಂದು ನಿಮಿಷದೊಳಗೆ ತಟ್ಟೆ ಖಾಲಿಯಾದರೆ ನಿಮ್ಮ ನಾಯಿ ಅಗಿಯದೆ ನುಂಗುತ್ತಿದೆ ಎಂದರ್ಥ. ದುಬಾರಿ ಸ್ಲೋ ಫೀಡರ್ ತರುವ ಮುನ್ನ ಅಂಚು ನುಣುಪಾಗಿರುವ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಊಟ ಹಂಚಿಡಿ. ಒಣ ಆಹಾರವಾದರೆ ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿದರೂ ಆದೀತು. ದಿನಕ್ಕೊಮ್ಮೆ ಹೊಟ್ಟೆಬಿರಿಯ ಹಾಕುವುದನ್ನು ಬಿಟ್ಟು ಎರಡು-ಮೂರು ಸಲ ಹಾಕಿ. ಎರಡು ನಾಯಿಗಳಿದ್ದರೆ ಬೇರೆ ಬೇರೆ ಕೋಣೆಯಲ್ಲಿ ಉಣ್ಣಲಿ, ಪೈಪೋಟಿಯಿದ್ದಲ್ಲಿ ಗಾಳಿ ನುಂಗುವುದು ಹೆಚ್ಚು. ಪಗ್, ಬುಲ್‌ಡಾಗ್, ಶಿಟ್ಜುಗಳಿಗೆ ಚಪ್ಪಟೆ ಮೂತಿಯಿಂದಾಗಿ ಗಾಳಿ ನುಂಗದೆ ತಿನ್ನುವುದೇ ಕಷ್ಟ. ಅವುಗಳಲ್ಲಿ ಗ್ಯಾಸ್ ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೆ. ಊಟವಾಗಿ ಅರ್ಧ ಗಂಟೆಯ ನಂತರ 15–20 ನಿಮಿಷ ನಿಧಾನ ನಡಿಗೆ ಒಳ್ಳೆಯದು. ಓಟ, ಚೆಂಡಾಟ ಊಟವಾದ ಎರಡು ಗಂಟೆಯವರೆಗೆ ಬೇಡ, ದೊಡ್ಡ ತಳಿಗಳಿಗಂತೂ ಖಂಡಿತ ಬೇಡ.

ಹೆಚ್ಚಿನವರು ಎಡವುವುದು ಎಲ್ಲವನ್ನೂ ಒಂದೇ ದಿನ ಬದಲಿಸುವುದರಲ್ಲಿ. ಹಾಲು ನಿಲ್ಲಿಸಿ, ಬ್ರ್ಯಾಂಡ್ ಬದಲಿಸಿ, ಟಾನಿಕ್ ಶುರುಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಾದರೂ ಹೇಗೆ? ವಾರಕ್ಕೊಂದೇ ಬದಲಾವಣೆ ಮಾಡಿ. ಒಂದು ಪುಸ್ತಕದಲ್ಲಿ ಏನು ತಿಂದಿತು, ಎಷ್ಟು ಹೊತ್ತಿಗೆ, ಗ್ಯಾಸ್ ಯಾವಾಗ, ಮಲ ಹೇಗಿತ್ತು ಎಂದು ಬರೆದಿಡಿ. ಮನೆಯ ಮಕ್ಕಳು, ಅಜ್ಜಿ ಕದ್ದು ಹಾಕುವ ತುತ್ತೂ ಅದರಲ್ಲಿ ಬರಬೇಕು, ಇಲ್ಲದಿದ್ದರೆ ಲೆಕ್ಕವೇ ತಪ್ಪುತ್ತದೆ.

ಔಷಧಿಯ ವಿಷಯದಲ್ಲಿ ಕೈ ಬಿಗಿಹಿಡಿಯಿರಿ. ಸಿಮೆಥಿಕೋನ್ ಎಂಬ ಗ್ಯಾಸ್ ಔಷಧಿಯನ್ನು ವೈದ್ಯರು ನಾಯಿಯ ತೂಕ ನೋಡಿ ಕೊಡುವುದುಂಟು. ಆದರೆ ಮನುಷ್ಯರ ಸಿರಪ್‌ಗಳಲ್ಲಿ ಬೇರೆ ಔಷಧಿಗಳು ಬೆರೆತಿರಬಹುದು, ಸಕ್ಕರೆರಹಿತವಾದವುಗಳಲ್ಲಿ ನಾಯಿಗೆ ವಿಷವಾದ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರಬಹುದು. ಹೊಟ್ಟೆನೋವಿರಬೇಕೆಂದು ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡುವುದಂತೂ ಅಪಾಯ.

ಎರಡು-ಮೂರು ವಾರವಾದರೂ ಇಳಿಯದಿದ್ದರೆ, ಅಥವಾ ಭೇದಿ, ವಾಂತಿ, ತೂಕ ಇಳಿಕೆ ಜೊತೆಗೂಡಿದರೆ ತಟ್ಟೆಯಾಚೆಗಿನ ಕಾರಣ ಹುಡುಕಬೇಕು. ಜಂತುಹುಳು, ಜಿಯಾರ್ಡಿಯಾ ಎಂಬ ಕರುಳಿನ ಸೂಕ್ಷ್ಮ ಪರಾವಲಂಬಿ ಮಲಪರೀಕ್ಷೆಯಲ್ಲಿ ಗೊತ್ತಾಗುತ್ತವೆ. ಎಷ್ಟು ತಿಂದರೂ ಹಸಿವು, ಸೊರಗುವ ಮೈ, ರಾಶಿ ರಾಶಿ ಜಿಡ್ಡಿನ ಮಲ ಇದ್ದರೆ ಮೇದೋಜೀರಕ ಗ್ರಂಥಿ ಕಿಣ್ವ ಸುರಿಸುತ್ತಿಲ್ಲದಿರಬಹುದು. ಜರ್ಮನ್ ಶೆಫರ್ಡ್‌ಗಳಲ್ಲಿ ಇದು ಹೆಚ್ಚು, ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಊಟದೊಂದಿಗೆ ಕಿಣ್ವದ ಪುಡಿ ಬೆರೆಸಿ ನಿಭಾಯಿಸಬಹುದು. ಆಸ್ಪತ್ರೆಗೆ ಹೋಗುವಾಗ ಅಂದಿನ ಮಲವನ್ನು ಮುಚ್ಚಳವಿರುವ ಚಿಕ್ಕ ಡಬ್ಬಿಯಲ್ಲಿ ಒಯ್ಯಿರಿ, ಬರೆದಿಟ್ಟ ಪುಸ್ತಕವನ್ನೂ ಮರೆಯಬೇಡಿ.